ಕೈಯಲ್ಲಿ ಹಿಡಿದರೆ ಓದದ ಟ್ಯಾಗ್: ಗಾಜಿಗೆಂದೇ ಬರೆದ ಆಂಟೆನಾದ ಲೆಕ್ಕ

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿ-ಧಾರವಾಡ ಬೈಪಾಸ್ ಮೇಲೆ ಮುಂದಿನ ಲಾರಿಯ ಗಾಲಿಯಿಂದ ಕಲ್ಲು ಸಿಡಿದು ನಮ್ಮ ಕಾರಿನ ಗಾಜು ಬಿರುಕು ಬಿಟ್ಟಿತು. ಹುಬ್ಬಳ್ಳಿಯಲ್ಲಿ ಹೊಸ ಗಾಜು ಹಾಕಿಸಿದೆ. ಹಳೆ ಗಾಜಿನ ಜೊತೆ ಹಳೆ ಫಾಸ್ಟ್ಯಾಗ್ ಕೂಡ ಹೋಯಿತು. ಬ್ಯಾಂಕಿನಿಂದ ಹೊಸದು ಬಂತು. ಅವತ್ತು ಹಾವೇರಿಗೆ ಹೊರಟಿದ್ದೆ, ಅವಸರ ಇತ್ತು. ಅಂಟಿಸೋದು ಆಮೇಲೆ ಅಂತ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಟೋಲ್‌ನಲ್ಲಿ ಗೇಟು ಏಳಲಿಲ್ಲ. ಟ್ಯಾಗನ್ನು ಕೈಯಲ್ಲಿ ಎತ್ತಿ ಹಿಡಿದೆ. ಆಗಲೂ ಏಳಲಿಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಕೌಂಟರಿನ ಹುಡುಗ ಕಿಟಕಿಯಿಂದ ಬಾಗಿ ಹೇಳಿದ: "ಸರ, ಅಂಗೈಯಾಗ ಹಿಡೀಬ್ಯಾಡ್ರಿ. ಗ್ಲಾಸಿಗೆ ಹಚ್ಚಿ ಹಿಡೀರಿ. ಕೈಯಾಗಿದ್ರ ಓದೂದಿಲ್ರಿ ಅದು."

ಒಂದು ಮೂಲೆಯನ್ನು ಬೆರಳ ತುದಿಯಲ್ಲಿ ಒತ್ತಿ ಗಾಜಿಗೆ ಹಚ್ಚಿದೆ. ಗೇಟು ಎದ್ದಿತು.

ಅದೇ ಟ್ಯಾಗ್, ಅದೇ ಚಿಪ್, ಖಾತೆಯಲ್ಲಿ ಅದೇ ದುಡ್ಡು. ಬದಲಾಗಿದ್ದು ಟ್ಯಾಗಿನ ಬೆನ್ನಿಗೆ ಏನಿತ್ತು ಅನ್ನೋದು ಮಾತ್ರ. ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ನನಗೆ ಆ ಹುಡುಗನ ಮಾತು ತುಂಬ ದಿನ ತಲೆಯಲ್ಲಿ ಉಳಿಯಿತು. ಫಾಸ್ಟ್ಯಾಗ್ ಕೆಲಸ ಮಾಡುವುದು ಆರ್‌ಎಫ್‌ಐಡಿಯಿಂದ, ಅಂದರೆ ರೇಡಿಯೋ ಅಲೆಯಿಂದ ಗುರುತು ಓದುವ ತಂತ್ರದಿಂದ. ಆರ್‌ಎಫ್‌ಐಡಿ ಅಂದ ಕೂಡಲೇ ನಾವು ಚಿಪ್ ಬಗ್ಗೆ, ಸಾಫ್ಟ್‌ವೇರ್ ಬಗ್ಗೆ, ಬ್ಯಾಲೆನ್ಸ್ ಬಗ್ಗೆ ಮಾತಾಡುತ್ತೇವೆ. ಟ್ಯಾಗ್ ಓದುತ್ತದೋ ಇಲ್ಲವೋ ಅನ್ನೋದನ್ನು ಹೆಚ್ಚಾಗಿ ತೀರ್ಮಾನಿಸೋದು ಚಿಪ್ಪಿನ ಅಕ್ಕಪಕ್ಕ ಇರುವ ಆ ತೆಳ್ಳನೆಯ ಲೋಹದ ಗೆರೆ. ಅದೇ ಆಂಟೆನಾ. ಅದನ್ನು ಯಾವುದಾದರೂ ಒಂದು ಮೇಲ್ಮೈಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿರುತ್ತಾರೆ. ಬೇರೆ ಕಡೆ ಇಟ್ಟರೆ ಅದು ಬೇರೆಯೇ ಆಂಟೆನಾ ಆಗಿಬಿಡುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ರಸ್ತೆಯಲ್ಲಿ ದಂಡ ಕಟ್ಟುತ್ತೇವೆ. ನಾಳೆ ಮಾರುಕಟ್ಟೆಯಲ್ಲಿ, ಗೋದಾಮಿನಲ್ಲಿ ಕೂಡ ದುಡ್ಡು ಕಳೆದುಕೊಳ್ಳುತ್ತೇವೆ.

ಗಾಜಿನ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಹಳೆ ಗಾಜಿನಿಂದ ಹಳೆ ಟ್ಯಾಗನ್ನು ಅವತ್ತೇ ಕೀಳಲು ನೋಡಿದ್ದೆ. ಮೇಲಿನ ಕಾಗದ ಸಲೀಸಾಗಿ ಬಂತು. ಒಳಗಿನ ಬೆಳ್ಳಿ ಬಣ್ಣದ ಗೆರೆಗಳಲ್ಲಿ ಅರ್ಧ ಕಾಗದದ ಜೊತೆ ಬಂದರೆ ಇನ್ನರ್ಧ ಗಾಜಿನ ಮೇಲೇ ಉಳಿಯಿತು. ಇದು ಬೇಕಂತಲೇ ಹಾಗೆ ಮಾಡಿದ್ದು. ಒಂದು ಗಾಡಿಯಿಂದ ಕಿತ್ತು ಇನ್ನೊಂದಕ್ಕೆ ಹಚ್ಚಬಾರದು ಅಂತ, ಕೀಳುವಾಗ ಆಂಟೆನಾವೇ ಹರಿಯುವ ಹಾಗೆ ಮಾಡಿರುತ್ತಾರೆ. ಉಳಿದ ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ನಡುವೆ ಗಸಗಸೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆ, ಅದೇ ಚಿಪ್. ಅದರ ಸುತ್ತ ಪುಟ್ಟದೊಂದು ಮುಚ್ಚಿದ ಕುಣಿಕೆ. ಎರಡೂ ಕಡೆ ಮೇಲೆ ಕೆಳಗೆ ಮಡಚಿಕೊಂಡು ಹೋಗುವ ಗೆರೆ. ತುದಿಯಲ್ಲಿ ಅಗಲವಾದ ಪಟ್ಟಿ. ಬ್ಯಾಟರಿ ಅಂತೂ ಎಲ್ಲೂ ಇಲ್ಲ.

ಬ್ಯಾಟರಿ ಇಲ್ಲದೆ ಅದು ಮಾತಾಡೋದು ಹೇಗೆ? ಚಿಕ್ಕವರಿದ್ದಾಗ ಕನ್ನಡಿ ಚೂರಿನಿಂದ ಬಿಸಿಲನ್ನು ಎದುರು ಮನೆಯ ಗೋಡೆಗೆ ಬಿಡುತ್ತಿದ್ದೆವು, ಅಲ್ವಾ? ಬೆಳಕು ಸೂರ್ಯನದು, ಅಲ್ಲಾಡಿಸೋದು ಮಾತ್ರ ನಾವು. ಟ್ಯಾಗ್ ಕೂಡ ಅಷ್ಟೇ ಮಾಡುತ್ತದೆ. ಟೋಲ್ ಮೇಲೆ ನೇತು ಹಾಕಿರುವ ರೀಡರ್ ರೇಡಿಯೋ ಅಲೆ ಬಿಡುತ್ತದೆ. ಆಂಟೆನಾ ಅದರಲ್ಲಿ ಒಂದು ಪಾಲನ್ನು ಹಿಡಿದು ಚಿಪ್ಪನ್ನು ಎಬ್ಬಿಸುತ್ತದೆ. ಎದ್ದ ಚಿಪ್ ಆಂಟೆನಾಕ್ಕೆ ತಾನು ಕೊಡುವ ಹೊರೆಯನ್ನು ಬೇಗ ಬೇಗ ಬದಲಿಸುತ್ತಾ ಹೋಗುತ್ತದೆ. ಆಗ ವಾಪಸ್ ಹೋಗುವ ಅಲೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆಗುತ್ತದೆ. ಆ ಏರಿಳಿತವೇ ನಿಮ್ಮ ಗಾಡಿಯ ಟ್ಯಾಗ್ ನಂಬರ್. ಹೀಗೆ ಪ್ರತಿಫಲಿಸಿದ ಶಕ್ತಿಯಿಂದಲೇ ಸಂದೇಶ ಕಳಿಸಬಹುದು ಅಂತ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿದ್ದರು. ಅದು ಅಗ್ಗದ ಸ್ಟಿಕರ್ ಆಗಿ ನಮ್ಮ ಕಾರಿಗೆ ಬರಲು ಅರ್ಧ ಶತಮಾನಕ್ಕಿಂತ ಜಾಸ್ತಿ ಹಿಡಿಯಿತು.

ಈಗ ಆ ಮಡಚಿದ ಗೆರೆಗೆ ಬರೋಣ. ನಮ್ಮ ದೇಶದಲ್ಲಿ ಈ ಬಗೆಯ ಟ್ಯಾಗ್‌ಗಳಿಗೆ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿದ್ದು 865ರಿಂದ 867 ಮೆಗಾಹರ್ಟ್ಸ್. ಆಮೇಲೆ ಅದನ್ನು 868ರವರೆಗೆ ವಿಸ್ತರಿಸಿದರು. 866 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 34.6 ಸೆಂ.ಮೀ. ಸಾದಾ ತಂತಿಯ ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಅರ್ಧ, ಅಂದರೆ 17 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದ ಬೇಕು. ಸ್ಟಿಕರ್ ನೋಡಿದರೆ ಒಂದು ಗೇಣು ಕೂಡ ಇಲ್ಲ. ಹಾಗಾಗಿ ಗೆರೆಯನ್ನು ಮಡಚುತ್ತಾರೆ. ನಮ್ಮ ಕಡೆ ಇಳಕಲ್ ಸೀರೆ ಮೇಲೆ ಕಸೂತಿ ಹಾಕುವವರಿಗೆ ಇದನ್ನು ತೋರಿಸಿದರೆ ಇದು ಮುರಗಿ ಹೊಲಿಗೆ ಅಂತ ತಟ್ಟನೆ ಹೇಳುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುವ ಅದೇ ಎಳೆ. ತುದಿಯ ಅಗಲ ಪಟ್ಟಿ ಕೂಡ ಉದ್ದ ಉಳಿಸುವ ಉಪಾಯವೇ. ಗೆರೆ ಅಲ್ಲೇ ಮುಗಿದರೂ, ಇನ್ನೂ ಮುಂದೆ ಹೋದಂತೆ ವಿದ್ಯುತ್ತಿಗೆ ಅನಿಸುತ್ತದೆ.

ಮಡಚೋದು ಪುಕ್ಕಟೆ ಬರುವುದಿಲ್ಲ. ಪಕ್ಕಪಕ್ಕದ ಮಡಿಕೆಗಳಲ್ಲಿ ವಿದ್ಯುತ್ ಎದುರುಬದುರಾಗಿ ಹರಿಯುತ್ತದೆ. ಹಾಗಾಗಿ ಅವು ಹೊರಗೆ ಸೂಸುವುದು ಸ್ವಲ್ಪ ಮಟ್ಟಿಗೆ ಒಂದನ್ನೊಂದು ಹೊಡೆದು ಹಾಕುತ್ತದೆ. ಗೆರೆ ಉದ್ದವಾದಷ್ಟೂ ಲೋಹದಲ್ಲೇ ಬಿಸಿಯಾಗಿ ಹೋಗುವ ಪಾಲೂ ಹೆಚ್ಚುತ್ತದೆ. ಇನ್ನೊಂದು ಸಂಗತಿ ಇದೆ, ನನ್ನ ಮಟ್ಟಿಗೆ ಇದೇ ಮುಖ್ಯ. ಗಾತ್ರ ಕಡಿಮೆ ಮಾಡಿದಷ್ಟೂ ಆಂಟೆನಾ ಹಟಮಾರಿ ಆಗುತ್ತದೆ. ತನಗೆ ಹೊಂದುವ ಆವರ್ತನ ಬಿಟ್ಟು ಚೂರು ಆಚೀಚೆ ಆದರೂ ಕೇಳುವುದಿಲ್ಲ. ದೊಡ್ಡ ಆಂಟೆನಾ ಹತ್ತು ತಪ್ಪು ತಡೆದುಕೊಂಡರೆ ಸಣ್ಣದು ಒಂದನ್ನೂ ತಡೆಯೋದಿಲ್ಲ. ಟ್ಯಾಗ್ ಕೊಳ್ಳುವವರು ಪುಟ್ಟದು, ಚಂದದ್ದು ಕೇಳುತ್ತಾರೆ. ಆ ಪುಟ್ಟತನಕ್ಕೆ ಕಟ್ಟುವ ಬೆಲೆ ಇದು.

ಚಿಪ್ ಸುತ್ತಲಿನ ಕುಣಿಕೆಯ ಕೆಲಸ ಬೇರೆ. ಟಿವಿ ಆಂಟೆನಾ, ಡಿಶ್ ಕೇಬಲ್ ಎಲ್ಲ 75 ಓಮ್ ಅಂತ ನಾವು ಓದಿದ್ದೇವೆ. ಓಮ್ ಅಂದರೆ ವಿದ್ಯುತ್ತಿಗೆ ಬರುವ ಅಡ್ಡಿಯ ಅಳತೆ. ಎರಡೂ ಕಡೆ ಅದೇ ಸಂಖ್ಯೆ ಇದ್ದರೆ ಶಕ್ತಿ ಸಲೀಸಾಗಿ ದಾಟುತ್ತದೆ. ಟ್ಯಾಗಿನ ಚಿಪ್ ಹಾಗಲ್ಲ. ಅದು ಒಂದು ಪಿಕೋಫ್ಯಾರಡ್ ಆಸುಪಾಸಿನ ಪುಟ್ಟ ಕೆಪಾಸಿಟರಿನಂತೆ, ಅಂದರೆ ವಿದ್ಯುತ್ತನ್ನು ಕೂಡಿಟ್ಟು ವಾಪಸ್ ಕೊಡುವ ಭಾಗದಂತೆ ವರ್ತಿಸುತ್ತದೆ. 866 ಮೆಗಾಹರ್ಟ್ಸ್‌ನಲ್ಲಿ ಅದರ ಕೆಪಾಸಿಟರ್ ಪಾಲು 180 ಓಮ್ ದಾಟಿದರೆ, ನಿಜವಾಗಿ ಶಕ್ತಿ ಹೀರುವ ಪಾಲು ಕೆಲವು ಹತ್ತು ಓಮ್ ಮಾತ್ರ. ಅದನ್ನು ಸರಿದೂಗಿಸಲು ಆಂಟೆನಾದಲ್ಲಿ ಅಷ್ಟೇ ಪ್ರಮಾಣದ ಇಂಡಕ್ಟರ್ ಗುಣ, ಅಂದರೆ ಕೆಪಾಸಿಟರಿಗೆ ಉಲ್ಟಾ ಆದ ತಂತಿ ಸುತ್ತಿನ ಗುಣ ಬೇಕು. ಬೇರೆ ಇಂಡಕ್ಟರ್ ಬೆಸೆಯಲು ಸ್ಟಿಕರ್‌ನಲ್ಲಿ ಜಾಗವೂ ಇಲ್ಲ, ದುಡ್ಡೂ ಇಲ್ಲ. ಆ ಕುಣಿಕೆಯೇ ಇಂಡಕ್ಟರ್.

ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಜೀಕಿನ ಲಯಕ್ಕೆ ಸರಿಯಾಗಿ ದೂಡಿದರೆ ಸಣ್ಣ ಹುಡುಗಿ ಕೂಡ ದೊಡ್ಡವರನ್ನು ಮರದ ಕೊಂಬೆಯ ಎತ್ತರಕ್ಕೆ ಕಳಿಸುತ್ತಾಳೆ. ಲಯ ತಪ್ಪಿ ದೂಡಿದರೆ ಗಟ್ಟಿಮುಟ್ಟಾದ ಆಳು ಕೂಡ ಏನೂ ಮಾಡಲಾರ. ಚಿಪ್ ಮತ್ತು ಕುಣಿಕೆ ಸೇರಿ ಆಗುವುದು ಅಂಥ ಜೋಕಾಲಿ. ಅದರ ಲಯ 866ಕ್ಕೆ ಕೂಡಬೇಕು. ಯಾಕೆಂದರೆ ದೂಡುವ ಕೈ ಬಹಳ ಸಣ್ಣದು.

ಎಷ್ಟು ಸಣ್ಣದು? ಒಂದು ವಾಟ್ ಟ್ರಾನ್ಸ್‌ಮಿಟರಿನ ಶಕ್ತಿಯನ್ನು ರೀಡರಿನ ಆಂಟೆನಾ ಒಂದೇ ಕಡೆ ಕೂಡಿಸಿ ಕಳಿಸುತ್ತದೆ. ಪರಿಣಾಮ 4 ವಾಟ್ ಎಲ್ಲಾ ಕಡೆ ಸೂಸಿದಷ್ಟು ಅಂತ ಇಟ್ಟುಕೊಳ್ಳಿ. 10 ಮೀಟರ್ ದೂರದಲ್ಲಿ, ಬಯಲಲ್ಲಿ, ಎಲ್ಲವೂ ಸರಿಯಾಗಿ ಹೊಂದಿದ ಅರ್ಧ ಅಲೆಯ ಆಂಟೆನಾಕ್ಕೆ ಸಿಗುವುದು ಸುಮಾರು 50 ಮೈಕ್ರೋವಾಟ್. ಅಂದರೆ ಕಳಿಸಿದ ಒಂದು ವಾಟ್‌ನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. 5 ಮೀಟರಿಗೆ ಬಂದರೆ ಅದರ ನಾಲ್ಕು ಪಟ್ಟು. ಟ್ಯಾಗ್ ಹೇಗೆ ತಿರುಗಿದ್ದರೂ ಓದಲಿ ಅಂತ ರೀಡರ್ ತಿರುಗುವ ಅಲೆ ಬಿಟ್ಟರೆ, ನಮ್ಮ ಸಾದಾ ಗೆರೆಗೆ ಅದರಲ್ಲಿ ಅರ್ಧ ಮಾತ್ರ ದಕ್ಕುತ್ತದೆ. ಚಿಪ್ ಏಳಲು ಹತ್ತು ಹದಿನೈದು ಮೈಕ್ರೋವಾಟ್ ಬೇಕು. ಹೊಸ ಚಿಪ್‌ಗಳಿಗೆ ಇನ್ನೂ ಕಡಿಮೆ ಸಾಕು. ಲೆಕ್ಕ ಹಾಕಿ ನೋಡಿ. ಕೈಯಲ್ಲಿ ಉಳಿಯುವ ಹೆಚ್ಚುವರಿ ಬಹಳ ಇಲ್ಲ. ಲಯ ತಪ್ಪಿ ಹತ್ತರಲ್ಲಿ ಒಂಬತ್ತು ಪಾಲು ಹೋದರೆ ಚಿಪ್ ಏಳುವುದೇ ಇಲ್ಲ. ಚಿಪ್ ಎದ್ದರೆ ಸಾಕು, ಅದರ ಸಣ್ಣ ಪ್ರತಿಧ್ವನಿಯನ್ನು ಹಿಡಿಯುವಷ್ಟು ಚುರುಕು ಕಿವಿ ರೀಡರಿಗೆ ಸಾಮಾನ್ಯವಾಗಿ ಇರುತ್ತದೆ.

ಇಲ್ಲಿಗೆ ಕೌಂಟರಿನ ಹುಡುಗನ ಮಾತು ಅರ್ಥ ಆಗುತ್ತದೆ. ರೇಡಿಯೋ ಅಲೆ ಗಾಳಿಯಲ್ಲಿ ಓಡಿದ ಹಾಗೆ ಬೇರೆ ವಸ್ತುಗಳಲ್ಲಿ ಓಡುವುದಿಲ್ಲ, ನಿಧಾನ ಆಗುತ್ತದೆ. ಎಷ್ಟು ನಿಧಾನ ಅನ್ನೋದನ್ನು ತೋರಿಸುವ ಸಂಖ್ಯೆಗೆ ಪರಾವೈದ್ಯುತ ಅಂಕ ಅನ್ನುತ್ತಾರೆ. ಗಾಳಿಗೆ 1, ಕಾಗದಕ್ಕೆ ಎರಡು ಮೂರು, ಗಾಜಿಗೆ 6-7, ನೀರಿಗೆ 80ರ ಆಸುಪಾಸು. ಆಂಟೆನಾವನ್ನು ಗಾಜಿಗೆ ಹಚ್ಚಿದರೆ ಅದು ಇದ್ದದ್ದಕ್ಕಿಂತ ಉದ್ದವಾದಂತೆ ಕೆಲಸ ಮಾಡುತ್ತದೆ. ಫಾಸ್ಟ್ಯಾಗ್ ಮಾಡುವವರಿಗೆ ಅದು ಗಾಜಿನ ಮೇಲೆಯೇ ಕೂರುತ್ತದೆ ಅಂತ ಗೊತ್ತು. ಹಾಗಾಗಿ ಗೆರೆಯನ್ನು ಮೊದಲೇ ಅಷ್ಟು ಮೊಟಕು ಮಾಡಿರುತ್ತಾರೆ. ಗಾಜು ಸಿಕ್ಕರೆ ಲಯ 866ಕ್ಕೆ ಇಳಿದು ಸರಿಯಾಗುತ್ತದೆ. ಗಾಜು ಇಲ್ಲದೆ ಗಾಳಿಯಲ್ಲಿ ಹಿಡಿದರೆ ಲಯ ಮೇಲೇ ಉಳಿಯುತ್ತದೆ. ಅಂಗೈಯಲ್ಲಿ ಹಿಡಿದರೆ? ಅಂಗೈ ಅಂದರೆ ಬಹುಪಾಲು ಉಪ್ಪುನೀರು. ಲಯ ಸರ್‍ರನೆ ಕೆಳಗೆ ಇಳಿಯುತ್ತದೆ, ಸಿಕ್ಕ ಶಕ್ತಿಯನ್ನೂ ಕೈ ನುಂಗುತ್ತದೆ. ಎರಡು ಪೆಟ್ಟು ಒಟ್ಟಿಗೆ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟಾಗ ಗಾಜೂ ಇರಲಿಲ್ಲ, ಪ್ಲಾಸ್ಟಿಕ್ಕಿನ ಕೆಳಗಿನ ಲೋಹದ ಪಟ್ಟಿಗಳೂ ಹತ್ತಿರದಲ್ಲೇ ಇದ್ದವು.

"ಸ್ವಲ್ಪ ಮುಂದ ತಗೋರಿ, ಸ್ವಲ್ಪ ಹಿಂದ ತಗೋರಿ" ಅಂತಾರಲ್ಲ, ಅದರಲ್ಲೂ ಹುರುಳಿದೆ. ರೀಡರಿನ ಅಲೆ ನೇರವಾಗಿ ಬರುವುದರ ಜೊತೆಗೆ ರಸ್ತೆಗೆ, ಬಾನೆಟ್ಟಿಗೆ, ಟೋಲಿನ ತಗಡಿಗೆ ಬಡಿದೂ ಬರುತ್ತದೆ. ಎರಡು ಅಲೆ ಕೂಡಿದ ಕಡೆ ಬಲ ಜಾಸ್ತಿ, ಕಳೆದ ಕಡೆ ಕಡಿಮೆ. ಅಲೆಯ ಉದ್ದವೇ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಗಾಡಿ ಒಂದು ಮೊಳ ಸರಿದರೂ ಸಾಕು, ಕುರುಡು ಜಾಗದಿಂದ ಹೊರಗೆ ಬಂದಿರುತ್ತೀರಿ. ಆ ಹುಡುಗರು ಇದನ್ನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ದಿನಕ್ಕೆ ಸಾವಿರಾರು ಗಾಡಿ ನೋಡಿ ಕಲಿತಿದ್ದಾರೆ.

ಇದು ಈಗ ಬರೀ ಕುತೂಹಲದ ವಿಷಯವಾಗಿ ಉಳಿದಿಲ್ಲ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. 2025ರ ಜುಲೈನಲ್ಲಿ ಹೆದ್ದಾರಿ ಪ್ರಾಧಿಕಾರ ಅಂಟಿಸದ ಟ್ಯಾಗ್‌ಗಳ ಮೇಲೆ ಕ್ರಮ ಶುರು ಮಾಡಿತು. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್ ಕಂಡರೆ ಟೋಲ್‌ನವರು ವರದಿ ಮಾಡಬೇಕು, ಅದು ಕಪ್ಪುಪಟ್ಟಿಗೆ ಸೇರುತ್ತದೆ. 2025ರ ನವೆಂಬರ್ 15ರಿಂದ, ಸರಿಯಾದ ಟ್ಯಾಗ್ ಇಲ್ಲದೆ ಬಂದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಕಟ್ಟಬೇಕು ಅಂತ ನಿಯಮ ಬಂತು. ಅಂಟಿಸಲೇಬೇಕು ಅನ್ನುವ ನಿಯಮ ನನ್ನ ಪ್ರಕಾರ ಸರಿ. ಒಂದೇ ಟ್ಯಾಗನ್ನು ಎರಡು ಮೂರು ಗಾಡಿಗೆ ಬಳಸುವುದು ತಪ್ಪುತ್ತದೆ, ಆಂಟೆನಾಕ್ಕೂ ಅದರ ಗಾಜು ಸಿಗುತ್ತದೆ. ಆದರೆ ಯಾಕೆ ಅಂಟಿಸಬೇಕು ಅನ್ನೋದನ್ನು ಜನರಿಗೆ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಟ್ಯಾಗ್ ಬಂದ ಲಕೋಟೆಯ ಮೇಲೆ "ಇದು ಗಾಜಿನ ಮೇಲೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ" ಅಂತ ದೊಡ್ಡದಾಗಿ ಬರೆದಿದ್ದರೆ ಎಷ್ಟೋ ಜಗಳ ತಪ್ಪುತ್ತಿದ್ದವು. ನಿಯಮ ಮುರಿಯಬೇಕು ಅಂತ ಯಾರೂ ಡ್ಯಾಶ್‌ಬೋರ್ಡ್ ಮೇಲೆ ಇಡುವುದಿಲ್ಲ ಅನ್ನುವುದಿಲ್ಲ. ಆದರೆ ನನ್ನ ಹಾಗೆ ಸುಮ್ನೆ ಇಟ್ಟವರೇ ಜಾಸ್ತಿ ಅಂತ ನನ್ನ ನಂಬಿಕೆ.

ಇನ್ನೊಂದು ಕಡೆಯ ನಿಯಮ ಬಹಳ ಜನರಿಗೆ ಗೊತ್ತಿಲ್ಲ. 2018ರ ಮೇ 7ರ ಅಧಿಸೂಚನೆ ಪ್ರಕಾರ, ಟ್ಯಾಗ್ ಸರಿಯಾಗಿದ್ದು, ಖಾತೆಯಲ್ಲಿ ಸಾಕಷ್ಟು ಹಣವಿದ್ದೂ ಟೋಲಿನ ಯಂತ್ರದ ದೋಷದಿಂದ ಹಣ ಕಡಿತ ಆಗದಿದ್ದರೆ, ಆ ಗಾಡಿಯನ್ನು ಶುಲ್ಕವಿಲ್ಲದೆ ಬಿಡಬೇಕು, ಸೊನ್ನೆ ಮೊತ್ತದ ರಸೀದಿಯನ್ನೂ ಕೊಡಬೇಕು. ಕಾಗದದ ಮೇಲೆ ನ್ಯಾಯವಾಗಿದೆ. ಆದರೆ ಓದದೇ ಇದ್ದಾಗ ತಪ್ಪು ಯಂತ್ರದ್ದೋ ಟ್ಯಾಗಿನದ್ದೋ ಅಂತ ಆ ಸಾಲಿನಲ್ಲಿ ನಿಂತು ತೀರ್ಮಾನಿಸೋದು ಹೇಗೆ? ಎರಡರ ನಡುವೆ ಗಾಜು ಇದೆ. ಬಿಸಿಲಿನ ಶಾಖ ತಡೆಯಲು ಲೋಹದ ತೆಳು ಲೇಪ ಇರುವ ಗಾಜುಗಳು ಕೆಲವು ಕಾರುಗಳಲ್ಲಿ ಬರುತ್ತವೆ. ಅಂಥ ಗಾಜು ರೇಡಿಯೋ ಅಲೆಯನ್ನೂ ತಡೆಯುತ್ತದೆ. ಅಲ್ಲಿ ಟ್ಯಾಗ್ ಚೆನ್ನಾಗಿದೆ, ರೀಡರೂ ಚೆನ್ನಾಗಿದೆ, ಅಲೆ ಮಾತ್ರ ದಾಟುವುದಿಲ್ಲ. ಗಾಡಿ ಮಾಲೀಕನಿಗೆ ತನ್ನ ಗಾಜಿನಲ್ಲಿ ಲೋಹ ಇದೆ ಅಂತಲೇ ಗೊತ್ತಿರುವುದಿಲ್ಲ.

ಮುಂದೆ ಇದು ಇನ್ನೂ ಬಿಗಿಯಾಗಲಿದೆ. ಗೇಟೇ ಇಲ್ಲದ ಟೋಲ್‌ಗೆ 2025ರ ಆಗಸ್ಟ್‌ನಲ್ಲಿ ಗುಜರಾತಿನ ಚೋರ್ಯಾಸಿಗಾಗಿ ಒಪ್ಪಂದ ಆಯಿತು. ಅದು ಇರುವುದು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ನಮ್ಮ ಧಾರವಾಡ, ಹುಬ್ಬಳ್ಳಿ, ಹಾವೇರಿ ಹಾದು ಹೋಗುವ ಅದೇ ರಸ್ತೆ. ಅಲ್ಲಿ ಗಾಡಿ ನಿಲ್ಲುವುದಿಲ್ಲ. ಮೇಲಿನ ಕಮಾನಿನಿಂದ ಟ್ಯಾಗನ್ನೂ ನಂಬರ್ ಪ್ಲೇಟನ್ನೂ ಓದುತ್ತಾರೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಚೆನ್ನಾಗಿ ಓದುವ ಜಾಗ ಏಳು ಮೀಟರ್ ಅಂತ ಹಿಡಿದರೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಎದ್ದಿರುವ ಚಿಪ್ಪಿಗೆ ಅಷ್ಟು ಸಮಯ ಧಾರಾಳ. ಏಳಲೋ ಬೇಡವೋ ಅಂತ ಅಂಚಿನಲ್ಲಿ ನಿಂತ ಟ್ಯಾಗಿಗೆ ಮಾತ್ರ ಕಷ್ಟ. ಈಗ ಗೇಟಿನ ಮುಂದೆ ಹಿಂದೆ ಮುಂದೆ ಸರಿದು, ಗಾಜು ಒರೆಸಿ, ಕೈ ರೀಡರ್ ತರಿಸಿ ಹೇಗೋ ಓದಿಸುತ್ತೇವೆ. ಅಲ್ಲಿ ಎರಡನೇ ಅವಕಾಶ ಇಲ್ಲ. ಟ್ಯಾಗ್ ಓದದಿದ್ದರೆ ಕ್ಯಾಮೆರಾ ನಂಬರ್ ಪ್ಲೇಟನ್ನೇ ಹಿಡಿಯಬೇಕು. ಹಾಗಾಗಿ ಆಂಟೆನಾದ ಗುಣಮಟ್ಟಕ್ಕೆ, ಅಂಟಿಸಿದ ಜಾಗಕ್ಕೆ ಈಗ ಇಲ್ಲದ ಬೆಲೆ ಆಗ ಬರುತ್ತದೆ.

ಗಾಜಿನಾಚೆ ನೋಡೋಣ. ಹುಬ್ಬಳ್ಳಿ ಅಂದರೆ ರೈಲು. ಒಂದೂವರೆ ಕಿ.ಮೀ. ಉದ್ದದ ಪ್ಲಾಟ್‌ಫಾರ್ಮ್ ನೋಡಲು ಜನ ಬರುತ್ತಾರೆ. ಅಲ್ಲಿನ ವರ್ಕ್‌ಶಾಪಿನಲ್ಲಿ ತಲೆಮಾರುಗಳಿಂದ ನಮ್ಮವರು ಬೋಗಿ ರಿಪೇರಿ ಮಾಡಿದ್ದಾರೆ. ಕೆಲವು ವರ್ಷಗಳಿಂದ ರೈಲ್ವೆ ತನ್ನ ವ್ಯಾಗನ್, ಬೋಗಿಗಳಿಗೆ ಆರ್‌ಎಫ್‌ಐಡಿ ಟ್ಯಾಗ್ ಹಾಕಿಸುತ್ತಿದೆ. ಹಳಿ ಪಕ್ಕದ ರೀಡರ್ ಯಾವ ವ್ಯಾಗನ್ ಎಲ್ಲಿದೆ ಅಂತ ಹೇಳಬೇಕು. ಆದರೆ ವ್ಯಾಗನ್ ಇಡೀ ಉಕ್ಕು. ಕಾರಿನ ಸ್ಟಿಕರನ್ನು ಉಕ್ಕಿಗೆ ಅಂಟಿಸಿದರೆ ಅದು ಸತ್ತ ಹಾಗೆ. ಆಂಟೆನಾದಲ್ಲಿ ಹರಿಯುವ ವಿದ್ಯುತ್ತಿಗೆ ಸರಿಯಾಗಿ ಉಕ್ಕಿನೊಳಗೆ ಅದರ ಬಿಂಬ ಉಲ್ಟಾ ಹರಿಯುತ್ತದೆ. ಎರಡೂ ಒಂದನ್ನೊಂದು ಅಳಿಸಿ ಹಾಕುತ್ತವೆ. ಉಕ್ಕಿನಿಂದ ಕಾಲು ಅಲೆಯಷ್ಟು, ಅಂದರೆ ಎಂಟೂವರೆ ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರ ಇಟ್ಟರೆ ಬಿಂಬ ಸಹಾಯ ಮಾಡುತ್ತದೆ. ಆದರೆ ಓಡುವ ವ್ಯಾಗನ್‌ಗೆ ನಾಲ್ಕು ಬೆರಳಗಲ ಚಾಚಿಕೊಂಡ ಪೆಟ್ಟಿಗೆ ಯಾರು ಕಟ್ಟುತ್ತಾರೆ?

ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ಲೋಹದ ಜೊತೆ ಹೋರಾಡುವ ಬದಲು ಅದನ್ನೇ ಆಂಟೆನಾದ ಅರ್ಧ ಮಾಡಿಕೊಳ್ಳುತ್ತಾರೆ. ಮೇಲೆ ಲೋಹದ ಒಂದು ಚಪ್ಪಟೆ ತುಂಡು, ನಡುವೆ ಕೆಲವು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಅಥವಾ ಸೆರಾಮಿಕ್, ಕೆಳಗೆ ಇನ್ನೊಂದು ಲೋಹದ ಹಾಳೆ. ಅಲೆ ಆ ಸಂದಿನಲ್ಲಿ ಅನುರಣಿಸಿ ಅಂಚಿನಿಂದ ಹೊರಗೆ ಸೂಸುತ್ತದೆ. ಹಿಂದೆ ಉಕ್ಕು ಇದ್ದರೂ ಚಿಂತೆಯಿಲ್ಲ. ಕೆಳಗಿನ ಹಾಳೆ ಇನ್ನಷ್ಟು ದೊಡ್ಡದಾಯಿತು ಅಷ್ಟೇ. ಬೆಲೆ ಮಾತ್ರ ಸ್ಟಿಕರಿನ ಹತ್ತಾರು ಪಟ್ಟು, ಯಾಕೆಂದರೆ ಇದು ದಪ್ಪ, ಗಟ್ಟಿ, ಒಂದೊಂದಾಗಿ ಜೋಡಿಸುವ ವಸ್ತು.

ಬ್ಯಾಡಗಿಯ ಸಮಸ್ಯೆ ಇದಕ್ಕಿಂತ ನಾಜೂಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಹೆಸರು ಬಂದ ಮೇಲೆ ಆ ಹೆಸರಿನಲ್ಲಿ ಬೇರೆ ಕಾಯಿ ಮಾರುವವರ ಕಾಟವೂ ಬರುತ್ತದೆ. ಚೀಲಚೀಲಕ್ಕೂ ಒಂದು ಟ್ಯಾಗ್ ಹಾಕಿದರೆ ಯಾವ ಹೊಲದ್ದು, ಯಾವ ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ತಿಂಗಳು ಇತ್ತು ಅಂತ ಹೇಳಬಹುದು. ಹೀಗೊಂದು ಯೋಜನೆ ಹಿಡಿದು ಯಾರಾದರೂ ಬಂದರೆ ನನಗೆ ಸಂತೋಷವೇ. ಆದರೆ ಎಸಿ ಕೋಣೆಯ ಮೇಜಿನ ಮೇಲೆ ಟ್ಯಾಗ್ ಓದಿ ತೋರಿಸಿದರೆ ನಂಬಬೇಡಿ. ಮೆಣಸಿನಕಾಯಿಯ ಚೀಲವನ್ನು ಮೇಲಿಂದ ಒತ್ತಿ ನೋಡಿ, ಒಣ ಕಾಯಿ ಕರಕರ ಅನ್ನುತ್ತದೆ, ನಡುವೆಲ್ಲ ಗಾಳಿ. ಅಂಥ ಚೀಲ ಆಂಟೆನಾಕ್ಕೆ ಅಷ್ಟೇನೂ ತೊಂದರೆ ಕೊಡದು. ಅದೇ ಕಾಯಿಗೆ ತೇವ ಹಿಡಿದರೆ ಲೆಕ್ಕ ಬೇರೆ. ನೀರಿನ 80ರ ಅಂಕ ನೆನಪಿಡಿ. ಕೋಲ್ಡ್ ಸ್ಟೋರೇಜಿನಿಂದ ಏಪ್ರಿಲ್ ಬಿಸಿಲಿಗೆ ತಂದ ಚೀಲದ ಮೇಲೆ ಬೆವರಿನ ಹಾಗೆ ಹನಿ ಕೂರುತ್ತದೆ. ಬೆಳಿಗ್ಗೆ ಓದಿದ ಟ್ಯಾಗ್ ಆಗ ಓದದೇ ಇರಬಹುದು. ಸಂಜೆ ಒಣಗಿದ ಮೇಲೆ ಮತ್ತೆ ಓದಬಹುದು. ಇದನ್ನು ಕಂಡವರು ಟ್ಯಾಗ್ ಕೆಟ್ಟಿದೆ, ಕಂಪನಿ ಮೋಸ ಮಾಡಿತು ಅಂತಾರೆ.

ಚೀಲ ಒಂದರ ಮೇಲೊಂದು ಅಟ್ಟಿ ಹಾಕಿದಾಗ ಇನ್ನೊಂದು ತೊಂದರೆ. ಎರಡು ಟ್ಯಾಗ್ ಬೆನ್ನಿಗೆ ಬೆನ್ನು ಹಚ್ಚಿ ಕೂತರೆ ಒಂದರ ಆಂಟೆನಾ ಇನ್ನೊಂದರ ಲಯ ಕೆಡಿಸುತ್ತದೆ. ಅಟ್ಟಿಯ ಒಳಗಿನ ಚೀಲಕ್ಕೆ ಅಲೆ ಮುಟ್ಟುವುದೂ ಕಷ್ಟ. ನನ್ನ ಸಲಹೆ ಇಷ್ಟು. ಟ್ಯಾಗನ್ನು ಚೀಲದ ಹೊಟ್ಟೆಗೆ ಅಂಟಿಸಬೇಡಿ. ಬಾಯಿ ಹೊಲಿಯುವ ದಾರಕ್ಕೆ ಸೇರಿಸಿ, ಕಾಯಿಯಿಂದ ಮೂರು ನಾಲ್ಕು ಬೆರಳು ಹೊರಗೆ ನೇತಾಡುವ ಹಾಗೆ ಹಾಕಿ. ಆಗ ಅದರ ಸುತ್ತ ಗಾಳಿ ಇರುತ್ತದೆ. ಅದೇ ಕಾರಣಕ್ಕೆ ಅಲ್ಲಿಗೆ ಗಾಳಿಗೆ ಹೊಂದಿಸಿದ ಆಂಟೆನಾ ಬೇಕು, ಕಾರಿನದು ಬೇಡ. ಕೊಳ್ಳುವ ಮೊದಲು ಒಣ ಚೀಲ, ತೇವದ ಚೀಲ, ಅಟ್ಟಿಯ ಚೀಲ ಮೂರರಲ್ಲೂ, ಅದೇ ಮಾರುಕಟ್ಟೆಯ ಅಂಗಳದಲ್ಲಿ, ಅದೇ ಹಮಾಲರು ಎತ್ತಿ ಹಾಕುವಾಗ ಪರೀಕ್ಷೆ ಮಾಡಿಸಿ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಟ್ಯಾಗ್‌ಗಳಲ್ಲಿ ಅಮೆರಿಕದ 902ರಿಂದ 928 ಮೆಗಾಹರ್ಟ್ಸ್‌ಗೆ ಹೊಂದಿಸಿದವೂ ಇರುತ್ತವೆ. ಹಟಮಾರಿ ಆಂಟೆನಾ ಆದರೆ ನಮ್ಮ 866ಕ್ಕೆ ಅದು ಅರ್ಧ ಕಿವುಡು. ಎಲ್ಲ ದೇಶದ ಆವರ್ತನಕ್ಕೂ ಹೊಂದುವ ಟ್ಯಾಗ್ ಇದೆಯಾ ಅಂತ ಕೇಳಿ ಕೊಳ್ಳಿ.

ಎಲ್ಲ ಟ್ಯಾಗಿಗೂ ಈ ಲೆಕ್ಕ ಬರುವುದಿಲ್ಲ. ದನಗಳ ಕಿವಿಯಲ್ಲಿ ಈಗ ಹಾಕುವ ಹನ್ನೆರಡು ಅಂಕಿಯ ಹಳದಿ ಬಿಲ್ಲೆಯಲ್ಲಿ ಇರುವುದು ಬಾರ್‌ಕೋಡ್, ಚಿಪ್ ಅಲ್ಲ. ಪ್ರಾಣಿಗಳಿಗೆಂದೇ ಇರುವ ಚಿಪ್ ಟ್ಯಾಗ್ 134.2 ಕಿಲೋಹರ್ಟ್ಸ್‌ನದು. ಅದರ ಅಲೆಯ ಉದ್ದ ಎರಡು ಕಿ.ಮೀ.ಗಿಂತ ಹೆಚ್ಚು, ಆಂಟೆನಾ ಅಂದರೆ ಸಣ್ಣ ತಂತಿಯ ಸುರುಳಿ. ಅದು ಕಾಂತಕ್ಷೇತ್ರದಿಂದ ಕೆಲಸ ಮಾಡುವುದರಿಂದ ನೀರು, ಮಾಂಸ ಅಡ್ಡ ಬಂದರೂ ಓದುತ್ತದೆ. ಆದರೆ ತೀರ ಹತ್ತಿರ ಹೋಗಬೇಕು. ಪಾಸ್‌ಪೋರ್ಟ್, ಲೈಬ್ರರಿ ಪುಸ್ತಕ, ಮುಟ್ಟಿಸುವ ಕಾರ್ಡ್‌ಗಳದು 13.56 ಮೆಗಾಹರ್ಟ್ಸ್, ಅಲ್ಲೂ ಸುರುಳಿಯೇ.

ಈ ಗೆರೆಗಳನ್ನು ಮಾಡುವುದು ಹೇಗೆ ಅಂತ ನೋಡಿದಾಗ ನನಗೆ ಗದಗ ನೆನಪಾಗುತ್ತದೆ. ಮುದ್ರಣ ಕಾಶಿ ಅಂತ ಹೆಸರು ಪಡೆದ ಊರು. ಹೆಚ್ಚಿನ ಟ್ಯಾಗ್‌ಗಳಲ್ಲಿ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದ ತೆಳ್ಳನೆಯ ಅಲ್ಯೂಮಿನಿಯಂನಲ್ಲಿ ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸುತ್ತಾರೆ. ಬೇಕಾದ ಗೆರೆಗೆ ಮೊದಲೇ ಮಸಿ ಬಳಿದು ಕಾಪಾಡಿರುತ್ತಾರೆ. ಅದು ಮುದ್ರಣದ ಕೆಲಸವೇ. ಇನ್ನೊಂದು ದಾರಿ, ಬೆಳ್ಳಿಯ ಪುಡಿ ಬೆರೆಸಿದ ಶಾಯಿಯನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ನೇರವಾಗಿ ಒತ್ತುವುದು. ಮದುವೆ ಕಾರ್ಡು ಒತ್ತಿದ ಕೈಗೆ ಜರಡಿ ಹೇಗೆ ಬಿಗಿಯಬೇಕು, ಶಾಯಿ ಎಷ್ಟು ಗಟ್ಟಿ ಇರಬೇಕು ಅಂತ ಹೇಳಿಕೊಡಬೇಕಿಲ್ಲ. ಹೊಸದಾಗಿ ಕಲಿಯಬೇಕಾದ್ದು ದಪ್ಪದ ಲೆಕ್ಕ. 866 ಮೆಗಾಹರ್ಟ್ಸ್‌ನಲ್ಲಿ ವಿದ್ಯುತ್ ಲೋಹದ ಮೇಲ್ಪದರದಲ್ಲೇ ಹರಿಯುತ್ತದೆ, ಅಲ್ಯೂಮಿನಿಯಂನಲ್ಲಿ ಮೂರು ಮೈಕ್ರಾನ್‌ಗೂ ಕಡಿಮೆ ಆಳಕ್ಕೆ. ಬೆಳ್ಳಿ ಶಾಯಿ ಶುದ್ಧ ಬೆಳ್ಳಿಯಷ್ಟು ಚೆನ್ನಾಗಿ ವಿದ್ಯುತ್ ಹರಿಸುವುದಿಲ್ಲ. ಒಂದು ತೆಳು ಪದರ ಸಾಲದು. ದಪ್ಪ ಬಳಿದರೆ ಬೆಳ್ಳಿಯ ಬೆಲೆ ಕಚ್ಚುತ್ತದೆ. ಎಲ್ಲಿ ವಿದ್ಯುತ್ ಜೋರಾಗಿ ಹರಿಯುತ್ತದೋ, ಅಂದರೆ ಚಿಪ್ಪಿನ ಹತ್ತಿರದ ಕುಣಿಕೆಯಲ್ಲಿ, ಅಲ್ಲಿ ದಪ್ಪ ಇರಲಿ, ತುದಿಗೆ ತೆಳ್ಳಗೆ ಸಾಕು. ಚಿಪ್ ಕೂರಿಸಲು ದುಬಾರಿ ಯಂತ್ರ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಆಂಟೆನಾ ಬರೆಯಲು, ಒತ್ತಲು, ಮೆಣಸಿನ ಚೀಲದ ಮೇಲೆ ಇಟ್ಟು ಅಳೆಯಲು ಬೇಕಾದ ಕೈಗಳು ನೂರು ಕಿ.ಮೀ. ಒಳಗೇ ಇವೆ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಕೊನೆ ವರ್ಷದ ಪ್ರಾಜೆಕ್ಟಿಗೆ ಆಂಟೆನಾ ಸಿಮ್ಯುಲೇಷನ್ ಮಾಡುತ್ತಲೇ ಇರುತ್ತಾರೆ. ಅದರಲ್ಲಿ ಒಂದಾದರೂ ಬ್ಯಾಡಗಿ ಚೀಲಕ್ಕೆ ಅಂತ ಆಗಲಿ ಅನ್ನೋದು ನನ್ನ ಆಸೆ. ಈ ವರ್ಷ ನಮ್ಮ ಎರಡು ಮಕ್ಕಳಿಗೆ ಅದೇ ಕೆಲಸ ಕೊಟ್ಟಿದ್ದೇನೆ.

ಟೋಲಿನ ಘಟನೆ ಆದ ಮರುದಿನ ಅದೇ ಗಾಜಿನ ಅಂಗಡಿಗೆ ಹೋಗಿ ಟ್ಯಾಗ್ ಅಂಟಿಸಿ ಕೊಡಿ ಅಂದೆ. ಗಾಜು ಕೂರಿಸಿದ ಮೇಸ್ತ್ರಿಯೇ ಬಂದರು, ಅರವತ್ತರ ಆಸುಪಾಸಿನವರು. ಒಣ ಬಟ್ಟೆಯಲ್ಲಿ ಒಳಗಡೆ ಎರಡು ಸಲ ಒರೆಸಿದರು. ಕನ್ನಡಿಯ ಹಿಂದೆ ಟ್ಯಾಗ್ ಹಿಡಿದು, ಮೇಲಿನ ಅಂಚಿನಿಂದ ಎರಡು ಬೆರಳು ಅಳತೆ ಮಾಡಿ ಕೆಳಗೆ ಇಳಿಸಿದರು. ಯಾಕೆ ಅಂತ ಕೇಳಿದೆ.

"ಮ್ಯಾಲೆ ತಗಡು ಐತಲ್ರಿ. ಅದಕ್ಕ ಹತ್ತಿ ಹಚ್ಚಿದ್ರ ಗಿರಾಕಿ ತಿರುಗಿ ಬರ್ತಾರ್ರಿ, ಓದೂದಿಲ್ಲ ಅಂತ. ಎರಡು ಬಟ್ಟ ಬಿಟ್ರ ಯಾರೂ ಬಂದಿಲ್ಲ."

ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ತೀಡುತ್ತಾ ಒಂದು ಗಾಳಿಗುಳ್ಳೆಯೂ ಇರದ ಹಾಗೆ ಅಂಟಿಸಿದರು. ಹಿಂದಿನ ವಾರ ಮತ್ತೆ ಹಾವೇರಿಗೆ ಹೋದೆ. ಬೂತಿಗೆ ಇನ್ನೂ ಒಂದು ಕಾರಿನಷ್ಟು ದೂರ ಇರುವಾಗಲೇ ಗೇಟು ಎದ್ದಿತ್ತು.